ಕಾಕಾನ ಕಂಪ್ಯೂಟರಿಗೆ ಬಂದ ನೆಂಟರು

ಕಲ್ಲೋಳಿಯ ನಮ್ಮ ಕಾಕಾನಷ್ಟು ಅತಿಥಿಸತ್ಕಾರ ಮಾಡುವವರು ಈ ಸೀಮೆಯಲ್ಲೇ ಇಲ್ಲ. ಅವರ ಕಂಪ್ಯೂಟರ್ ಹಾಳಾದದ್ದೂ ಅದರಿಂದಲೇ!

ಹದಿನೈದು ವರ್ಷದ ಹಿಂದೆ ಅವರ ಮೊಮ್ಮಗಳು ಗೋಕಾಕದ ಕಾಲೇಜಿನಲ್ಲಿ ವಚನ ಹಾಡಿದಳು. ಮೊಣಕಾಲು ನೋವಿನಿಂದ ಕಾಕಾಗೆ ಹೋಗಲಾಗಲಿಲ್ಲ. ವಿಡಿಯೊ ಕಾಲೇಜಿನ ವೆಬ್‌ಸೈಟಿನಲ್ಲಿದೆ ಎಂದು ಗೊತ್ತಾದದ್ದೇ ತಡ, ನೋಡಿಯೇ ತೀರಬೇಕೆಂದು ಹಟ ಹಿಡಿದರು. ತೆರೆದರೆ ಖಾಲಿ ಚೌಕ, ಅದರೊಳಗೆ 'ಪ್ಲಗ್‌ಇನ್ ಬೇಕು' ಎಂಬ ಸಾಲು. ನನಗೆ ಫೋನ್ ಬಂತು.

"ಪ್ಲಗ್‌ಇನ್ ಅಂದ್ರ ಏನೋ ತಮ್ಮಾ?"

"ಬ್ರೌಸರಿಗೆ ಅಕ್ಷರ, ಚಿತ್ರ ತೋರಸಾಕ ಅಷ್ಟ ಬರತೈತ್ರಿ ಕಾಕಾ. ಹಾಡು, ವಿಡಿಯೊ ಅಂದ್ರ ಹೊರಗಿನಾಂವ ಬೇಕು. ನೀವು ಭಜನಿಗೆ ಕೊಣ್ಣೂರಿಂದ ತಬಲಾದವ್ರನ್ನ ಕರಸ್ತೀರಲ್ಲ, ಹಂಗ."

"ಅಷ್ಟ ಏನು? ಕರಸೂಣು!"

ಹಾಗೆ ಹೇಳಿದ್ದೇ ನನ್ನ ತಪ್ಪು. ಭಾನುವಾರ ಹೋಗಿ ನೋಡುತ್ತೇನೆ, ಪ್ಲಗ್‌ಇನ್ ಹುಡುಕಹೋದ ಕಾಕಾನ ಬ್ರೌಸರಿನ ನೆತ್ತಿಯ ಮೇಲೆ ಹನ್ನೊಂದು ಟೂಲ್‌ಬಾರ್ ಪಟ್ಟಿಗಳು ಸಾಲಾಗಿ ಕೂತಿವೆ! ಒಂದು ಹವಾಮಾನ ಹೇಳುತ್ತದೆ. ಒಂದು, ಜ್ಯೋತಿಷ್ಯವನ್ನೇ ನಂಬದ ಕಾಕಾಗೆ ದಿನಾ ರಾಶಿಫಲ ಹೇಳುತ್ತದೆ. ಮತ್ತೊಂದು ಬೆಕ್ಕು ಕುಣಿಸುತ್ತದೆ. ಕಾಲೇಜಿನ ಪುಟಕ್ಕೆ ಉಳಿದದ್ದು ನಾಲ್ಕು ಬೆರಳು ಜಾಗ. ಬೇಕಾದ ಪ್ಲಗ್‌ಇನ್ ಮಾತ್ರ ಬಂದಿರಲೇ ಇಲ್ಲ!

"ಇವನ್ನೆಲ್ಲ ಯಾಕ ಒಳಗ ಬಿಟ್ರಿ?"

"ಒಂದೊಂದೂ 'ಬರಲೇನ್ರಿ' ಅಂತ ಕೇಳಿತಪಾ. ಬಾಗಲಿಗೆ ಬಂದಾವ್ರಿಗೆ ಬ್ಯಾಡ ಅನ್ನಾಕ ಬರತೈತೇನು?"

ಅನುಮತಿ ಕೇಳಿದ ಪ್ರತಿ ಚೌಕಕ್ಕೂ ಕಾಕಾ 'ಹೌದು' ಒತ್ತಿದ್ದರು. ಮನೆಗೆ ಯಾರೇ ಬಂದರೂ ಊಟಕ್ಕೆ ಕೂಡಿಸುವ ಮನುಷ್ಯ. ಮೌಸ್ ಹಿಡಿದ ಕೂಡಲೇ ಆ ಕೈಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು?

ನಾನು ಒಂದೊಂದನ್ನೇ ತೆಗೆಯುತ್ತ ಹೋದಂತೆ ಅವರು ಚಡಪಡಿಸಿದರು.

"ಆ ಬೆಕ್ಕರ ಇರಲೋ, ಪಾಪ. ಅದೇನು ತಿಂತೈತಿ?"

"ಮೆಮೊರಿ ತಿಂತೈತ್ರಿ!"

ಕೊನೆಗೆ ಬೆಕ್ಕೊಂದನ್ನು ಬಿಟ್ಟು ಉಳಿದ ಹತ್ತನ್ನೂ ತೆಗೆದೆ. ಬೇಕಾದ ಒಂದೇ ಪ್ಲಗ್‌ಇನ್ ಹಾಕಿ, ಬ್ರೌಸರ್ ಮುಚ್ಚಿ ತೆರೆದೆ. ಮೊಮ್ಮಗಳು ಹಾಡಿದಳು! ಕಾಕಾ ಉಸಿರು ಬಿಗಿಹಿಡಿದು ಕೇಳಿ, ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಹಚ್ಚು" ಅಂದರು.

ಹಚ್ಚಿ, ದೊಡ್ಡ ಪಂಡಿತನ ಹಾಗೆ ಹೇಳಿದೆ: "ಇನ್ನ ಮ್ಯಾಲೆ ಯಾರು, ಎಲ್ಲಿಯವರು ಅಂತ ವಿಚಾರ ಮಾಡಿ ಒಳಗ ಬಿಡ್ರಿ."

ಚಹಾ ತಂದ ಕಾಕು, ಕಾಕಾನ ಹೆಂಡತಿ, ನಕ್ಕರು. "ನಿಮ್ಮವ್ವ ನಿನ್ನ ಬಗಲಾಗ ಎತಗೊಂಡು ಈ ಬಾಗಲಾಗ ನಿಂತಾಗ ಇವ್ರು ವಿಚಾರ ಮಾಡಿದ್ರೇನೋ?"

ಅಪ್ಪ ತೀರಿಕೊಂಡ ಮೇಲೆ ಕೂಲಿ ಹುಡುಕುತ್ತ ಬಂದ ಅವ್ವನನ್ನು ಕಾಕಾ ಹೆಸರೂ ಕೇಳದೆ ಊಟಕ್ಕೆ ಕೂಡಿಸಿದ್ದರಂತೆ. ಆಮೇಲೆ ಹೋಗಿ ಎಂದು ಯಾರೂ ಅನ್ನಲಿಲ್ಲ. ನಾವು ಅವರಿಗೆ ದೂರದ ನೆಂಟರೂ ಅಲ್ಲ. ಕಾಕಾ ಎಂದು ಕರೆಯಲು ನಾನು ಕಲಿತದ್ದು ಆ ಮನೆಯಲ್ಲಿ ಉಂಡು ಬೆಳೆಯುತ್ತ.