ಮೆಡೂಸಾಳನ್ನು ಲಕ್ಷ್ಮಿ ಮಾಡಿದ್ದು

ಚೌಕಾಸಿಯಲ್ಲಿ ಗೆಲ್ಲುವುದು ಸುಲಭ, ಗೆದ್ದು ತಂದದ್ದರ ಜೊತೆ ಬಾಳುವುದು ಕಷ್ಟ. ಇದು ಅನುಭವದ ಮಾತು, ಬಿಟ್ಟಿಯಾಗಿ ಕೊಡುತ್ತಿದ್ದೇನೆ, ಇಟ್ಟುಕೊಳ್ಳಿ. ಕಂಪ್ಯೂಟರ್ ಬಲ್ಲವರನ್ನು ಅಮೆರಿಕ ಕೈಬೀಸಿ ಕರೆಯುತ್ತಿದ್ದ ಕಾಲ. ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಮನೆ, ಬಾಸ್ಕಿಂಗ್ ರಿಡ್ಜ್‌ನ ಆಫೀಸೊಂದರಲ್ಲಿ ಕಾಂಟ್ರಾಕ್ಟ್ ಕೆಲಸ. ಅಲ್ಲಿನ ಸರ್ವರುಗಳಿಗೆಲ್ಲ, ಎಂದರೆ ಆಫೀಸಿನ ಕೆಲಸವನ್ನೆಲ್ಲ ಹೊರುವ ದೊಡ್ಡ ಕಂಪ್ಯೂಟರುಗಳಿಗೆಲ್ಲ, ಗ್ರೀಕ್ ಪುರಾಣದ ರಾಕ್ಷಸರ ಹೆಸರು. ಒಂದು ಸೈಕ್ಲಾಪ್ಸ್, ಹಣೆಯಲ್ಲಿ ಒಂದೇ ಕಣ್ಣು, ಊಟಕ್ಕೆ ಮನುಷ್ಯರು. ಇನ್ನೊಂದು ಮೆಡೂಸಾ, ತಲೆ ತುಂಬ ಕೂದಲ ಬದಲು ಹಾವು, ಮುಖ ನೋಡಿದವರು ಕಲ್ಲು. ಹೆಸರಿಟ್ಟವನು ಮ್ಯಾನೇಜರ್ ಬಾಬ್. ಕಾಲೇಜಿನಲ್ಲಿ ಓದಿದ ಪುರಾಣ ಬೇರೆಲ್ಲೂ ಅವನ ಉಪಯೋಗಕ್ಕೆ ಬಂದಿರಲಿಲ್ಲವೆಂದು ಕಾಣುತ್ತದೆ.

ರಾಕ್ಷಸರಿಂದ ನನಗೇನೂ ತೊಂದರೆಯಿರಲಿಲ್ಲ. ತೊಂದರೆ ಮನೆಯಲ್ಲಿ. ಸಂಜೆ ಆಫೀಸಿನಿಂದ ಫೋನ್ ಬಂದರೆ ನಾನು, "ಮೆಡೂಸಾ ಸತ್ತಳಾ? ಇನ್ನೊಂದ್ಸಲ ಎಬ್ಬಿಸಿ ನೋಡು" ಎಂದು ಕೂಗುತ್ತಿದ್ದೆ. ಒಂದು ದಿನ ದೇವರಿಗೆ ದೀಪ ಹಚ್ಚುತ್ತಿದ್ದ ಹೆಂಡತಿ ಪದ್ಮ ತಿರುಗಿ, "ರೀ, ಈ ಹೊತ್ನಲ್ಲಿ ಆ ಹಾವಿನ ತಲೆಯವಳ ಸಾವಿನ ಸುದ್ದಿ ಬೇಡ. ತರಕಾರಿ ಅಂಗಡೀಲಿ ಅಷ್ಟು ಚೌಕಾಸಿ ಮಾಡ್ತೀರಲ್ಲ, ಬಾಬ್ ಹತ್ರ ಒಂದು ಒಳ್ಳೇ ಹೆಸರು ಗಿಟ್ಟಿಸ್ಕೊಂಡು ಬನ್ನಿ ನೋಡೋಣ!" ಎಂದಳು.

ಅಷ್ಟು ಸಾಕಾಯಿತು. ಮರುದಿನ ಬಾಬ್ ಎದುರು ಕುಳಿತು, ಎಲ್ಲ ಹೆಸರೂ ಬದಲಾಗಬೇಕು ಎಂದೆ. ಸಿಗಲಾರದ್ದನ್ನು ಮೊದಲು ಕೇಳಿದರೆ ಬೇಕಾದದ್ದು ತಾನಾಗಿ ಸಿಗುತ್ತದೆ. ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ನಾನೇ ಡ್ಯೂಟಿ ಮಾಡುವುದಾಗಿ ಒಪ್ಪಿ, ಮೆಡೂಸಾಳನ್ನು ಲಕ್ಷ್ಮಿ ಮಾಡಿಸಿಕೊಂಡು ಬಂದೆ. ಪದ್ಮ ಪಾಯಸ ಮಾಡಿದಳು.

ಕಾಲ ಕಳೆದು ಆ ಯಂತ್ರ ಹಳತಾಯಿತು. ಒಂದು ಶುಕ್ರವಾರ ಸಂಜೆ ಅದನ್ನು ಶಾಶ್ವತವಾಗಿ ನಿಲ್ಲಿಸುವ ಕೆಲಸ ನನ್ನ ಪಾಲಿಗೆ ಬಂತು. ಸುಸೂತ್ರವಾಗಿ ಮುಗಿಸಿದರೆ ಕಾಂಟ್ರಾಕ್ಟ್ ಮುಂದುವರಿಸುತ್ತೇನೆಂದು ಬಾಬ್ ಹೇಳಿದ್ದ. ಇಲ್ಲದಿದ್ದರೆ ವೀಸಾ ಹಿಡಿದುಕೊಂಡು ಬೇರೆ ಬಾಗಿಲು ತಟ್ಟಬೇಕು. ಇದನ್ನು ಅಂದು ಬೆಳಗ್ಗೆ ಮನೆಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು.

"ಶುಕ್ರವಾರ ಸಂಜೆ ಲಕ್ಷ್ಮೀನ ಕೈಯಾರೆ ಕಳಿಸ್ತೀರಾ?"

"ಅದೊಂದು ಡಬ್ಬ ಕಣೇ."

"ಡಬ್ಬಕ್ಕೆ ಆ ಹೆಸರು ಇಡ್ಸಿದ್ದು ಯಾರು?"

ಸಂಜೆ ಕೀಬೋರ್ಡಿನ ಮುಂದೆ ಕುಳಿತೆ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ, ಆದರೆ ಬೆರಳು ನಂಬಿಬಿಟ್ಟಿತ್ತು. ಪಕ್ಕದಲ್ಲಿದ್ದ ಹುಬ್ಬಳ್ಳಿಯ ಮಂಜುನಾಥನಿಗೆ, "ನೀನೇ ಒತ್ತಪ್ಪ" ಎಂದೆ.

"ಈಗಷ್ಟ ಗ್ರೀನ್ ಕಾರ್ಡ್ ಫೈಲ್ ಆಗೇತ್ರಿ ಸರ್. ನಾ ಒಲ್ಲೆ!" ಎಂದು ಅವನು ಕುರ್ಚಿಯನ್ನೇ ಹಿಂದಕ್ಕೆಳೆದುಕೊಂಡ.

ಸೋಮವಾರ ಮಾಡಿದರಾಗದೇ ಎಂದು ಅಷ್ಟರಲ್ಲಿ ಬಂದ ಬಾಬ್‌ನೊಡನೆ ಚೌಕಾಸಿಗಿಳಿದೆ. ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದಿದ್ದ ಆತ ಇನ್ನೊಂದು ಕೈಯ ಬೆರಳಿನಿಂದ ಲಕ್ಷ್ಮಿಯನ್ನು ಕಳಿಸಿಕೊಟ್ಟು, "ಇಷ್ಟೇ ತಾನೆ? ಇದಕ್ಕೆ ನೀನೇಕೆ ಬೇಕು?" ಎಂದು ನಕ್ಕ. ಸ್ಯಾಂಡ್‌ವಿಚ್ ಮುಗಿಯುವ ಹೊತ್ತಿಗೆ ನಗು ನಿಂತಿತ್ತು, ಪ್ರಶ್ನೆ ಹಾಗೇ ಇತ್ತು. ಕಾಂಟ್ರಾಕ್ಟ್ ಮುಂದುವರಿಯಲಿಲ್ಲ.

"ನಾನು ಹೇಳಿರ್ಲಿಲ್ವಾ? ಲಕ್ಷ್ಮಿ ಹೋದ್ಳು, ಹಿಂದೇನೇ ಕೆಲಸ ಹೋಯ್ತು" ಎಂದಳು ಪದ್ಮ.

ಕೆಲವು ದಿನಗಳ ಮೇಲೆ ಮಂಜುನಾಥ ಫೋನ್ ಮಾಡಿದ. ಆ ಜಾಗಕ್ಕೆ ಹೈಡ್ರಾ ಎಂಬ ಹೊಸ ಯಂತ್ರ ಬಂದಿದೆಯಂತೆ. ಹೈಡ್ರಾ ಎಂದರೆ ಒಂದು ತಲೆ ಕಡಿದರೆ ಎರಡು ಹುಟ್ಟುವ ಸರ್ಪ. ಇದೂ ಹಾಗೆಯೇ, ಒಂದು ದೋಷ ಸರಿಮಾಡಿದರೆ ಎರಡು ಹೊಸದು, ಅದರ ಮುಂದೆ ಕೂತವರ ಕಾಂಟ್ರಾಕ್ಟ್ ಮುಗಿಯುವ ಮಾತೇ ಇಲ್ಲವಂತೆ. ಕೇಳಿಸಿಕೊಂಡ ಪದ್ಮ, "ಇನ್ನೂ ಜನ ಬೇಕಾ ಅಂತ ಕೇಳ್ಬಾರ್ದೇನ್ರೀ?" ಎಂದಳು. ಕೂಡಲೇ ಬಾಬ್‌ಗೆ ಫೋನ್ ಮಾಡಿದೆ. ಅವನು ಹಲೋ ಎನ್ನುವ ಮೊದಲೇ, ಹೆಸರಿನ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ ಎಂದು ಹೇಳಿಬಿಟ್ಟೆ.