ಕೆಂಚಮ್ಮನ ಹೊಸ ಹೆಬ್ಬೆಟ್ಟು

ಎದುರುಮನೆಯ ವೃಷಭೇಂದ್ರ ಮೇಷ್ಟ್ರು ಇಡ್ಲಿ ಪಾತ್ರೆಯಂಥ ಯಂತ್ರದ ಮುಚ್ಚಳ ತೆಗೆದು, "ಕೆಂಚಮ್ಮ, ಇನ್ನು ನಿಮ್ಮ ಅಕ್ಕಿಯನ್ನ ಯಾರೂ ತಡೆಯೋ ಹಾಗಿಲ್ಲ" ಎಂದರು.

ಕೆಂಚಮ್ಮನವರು ನಮ್ಮ ಅತ್ತೆ. ಮೈಸೂರಿನಲ್ಲಿ ನಲವತ್ತು ವರ್ಷ ಊದುಬತ್ತಿ ಹೊಸೆದು ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸದೆ ಎರಡು ತಿಂಗಳಿಂದ ಅಕ್ಕಿ ನಿಂತುಹೋಗಿತ್ತು. ಮೇಷ್ಟ್ರು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಅವರ ಯಂತ್ರಗಳಿಂದ ನಮ್ಮ ಬೀದಿ ಪಟ್ಟ ಪಾಡು ಅಷ್ಟಿಷ್ಟಲ್ಲ.

"ಜೀವಕೋಶ ಯಾವುದನ್ನ ಹಿಡ್ಕೊಳ್ಳುತ್ತೋ ಅದಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಹಿಡಿತ ಸಿಗದಿದ್ರೆ ಗುಂಡಗಾಗಿ ಸಾಯುತ್ತೆ. ಗೆರೆ ಇದ್ರೆ ಗೆರೆ ಹಿಡಿದೇ ಸಾಲಾಗಿ ಬೆಳೆಯುತ್ತೆ" ಎಂದು ಮೇಷ್ಟ್ರು ವಿವರಿಸಿದರು.

ಅತ್ತೆಯ ಚರ್ಮದ ಚೂರು ತೆಗೆದು ಮೊದಲು ಉಕ್ಕಿನ ತಟ್ಟೆಯ ಮೇಲೆ ಬೆಳೆಸಿ ಬೆರಳಿಗೆ ಅಂಟಿಸಿದರು. ಬಂದದ್ದು ಚರ್ಮವಲ್ಲ, ತೆಂಗಿನ ಚಿಪ್ಪು! ಅತ್ತೆ ವಾರವಿಡೀ ಹೆಬ್ಬೆರಳಲ್ಲೇ ಕಡಲೆಕಾಯಿ ಒಡೆದರು.

"ಗಟ್ಟಿ ನೆಲ ಸಿಕ್ತು, ಕೋಶಗಳೂ ಗಟ್ಟಿಯಾದ್ವು. ಮೆತ್ತಗಿನ ತಟ್ಟೆ ಮಾಡ್ತೀನಿ" ಎಂದರು ಮೇಷ್ಟ್ರು. ಚಿಪ್ಪನ್ನು ಬಿಸಿನೀರಲ್ಲಿ ನೆನೆಸಿ ಬಿಡಿಸಿದರು. ಅತ್ತೆಯ ಹಳೆಯ ಪಿಂಚಣಿ ಕಾಗದದಲ್ಲಿದ್ದ ಹೆಬ್ಬೆಟ್ಟಿನ ಗೆರೆಗಳನ್ನು ಹೊಸ ತಟ್ಟೆಗೆ ಇಳಿಸಿದರು. ಈ ಸಲ ಬೆರಳಿಗೆ ಅಂಟಿಸಿದ ಚರ್ಮ ನಯವಾಗಿ ಬಂತು, ಗೆರೆಗಳೂ ಎದ್ದು ಕಂಡವು. ಅತ್ತೆ ಕಣ್ಣೊರೆಸಿಕೊಂಡರು.

ಒಂದನೇ ತಾರೀಖು ಅಂಗಡಿಗೆ ಹೋದೆವು. ಮೇಷ್ಟ್ರೂ ಅವರ ಹೆಂಡತಿ ಗುರುಸಿದ್ದಮ್ಮನವರೂ ಬಂದಿದ್ದರು. ಅತ್ತೆ ಹೆಬ್ಬೆಟ್ಟು ಒತ್ತಿದರು.

"ಹೊಂದಾಣಿಕೆ ಆಗ್ತಿಲ್ಲ ಅಜ್ಜಿ" ಎಂದ ಅಂಗಡಿಯವನು.

ಅತ್ತೆಯ ಮುಖ ಬಾಡಿಹೋಯಿತು. ಗುರುಸಿದ್ದಮ್ಮನವರು ತಮ್ಮ ಫೋನನ್ನು ಅತ್ತೆಯ ಕೈಗೆ ಕೊಟ್ಟು ತಮ್ಮ ಅಕ್ಕಿಯ ಚೀಲ ಬಿಡಿಸತೊಡಗಿದರು. ಅತ್ತೆಯ ಹೆಬ್ಬೆರಳು ತಗುಲಿದ್ದೇ ತಡ, ಫೋನು ತೆರೆದುಕೊಂಡಿತು.

"ಅದು ನನ್ನ ಬೆರಳಿಗೆ ಮಾತ್ರ ತೆರ್ಕೊಳ್ಳೋದು" ಎಂದು ಗುರುಸಿದ್ದಮ್ಮನವರು ಫೋನು ಕಿತ್ತುಕೊಂಡರು.

ಮೇಷ್ಟ್ರು ಹೆಂಡತಿಯತ್ತ ತಿರುಗಿದರು. "ಆ ತಟ್ಟೆ ಮುಟ್ಟಿದ್ದೆಯೇನೇ?"

"ಆಯುಧಪೂಜೆ ದಿನ ಎಲ್ಲಾ ಯಂತ್ರಕ್ಕೂ ಇಟ್ಟ ಹಾಗೆ ಅದಕ್ಕೂ ಅರಿಶಿನ ಕುಂಕುಮ ಇಟ್ಟೆ. ಹೆಬ್ಬೆರಳಲ್ಲಿ ಚೆನ್ನಾಗಿ ಒತ್ತಿದೆ. ತಪ್ಪಾ?"

ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. "ಮೆತ್ತಗಿನ ತಟ್ಟೆ ಕಣೇ! ನಿನ್ನ ಗೆರೇನೇ ಅಚ್ಚಾಗಿ ಕೂತಿದೆ. ಕೋಶಗಳು ಅದನ್ನೇ ಹಿಡ್ಕೊಂಡಿವೆ."

ಅಂಗಡಿಯವನಿಗೆ ನಂಬಿಕೆ ಬರಲಿಲ್ಲ. ಗುರುಸಿದ್ದಮ್ಮನವರ ಕಾರ್ಡಿನ ನಂಬರು ಒತ್ತಿ, ಅತ್ತೆಯ ಹೆಬ್ಬೆಟ್ಟು ಇಡಿಸಿದ. ಯಂತ್ರ ಒಪ್ಪಿ ಚೀಟಿ ಉಗುಳಿತು. ಅವನು ಅಕ್ಕಿ ತೂಗಿದ.

"ಅದು ನನ್ನ ಅಕ್ಕಿ" ಎಂದರು ಗುರುಸಿದ್ದಮ್ಮ.

"ಹೆಬ್ಬೆಟ್ಟು ನಂದಲ್ವೇನವ್ವ?" ಎಂದು ಅತ್ತೆ ಚೀಲ ಹಿಡಿದರು. ನನಗೆ ನಾಚಿಕೆಯಾಯಿತು, ಆದರೆ ಚೀಲದ ಇನ್ನೊಂದು ತುದಿ ಹಿಡಿದವಳು ನಾನೇ.

ಸರಿಯಾದ ತಟ್ಟೆ ಸಿದ್ಧವಾಗಿದೆ, ಬನ್ನಿ ಎಂದು ಮೇಷ್ಟ್ರು ದಿನಾ ಕರೆಯುತ್ತಾರೆ. ಅತ್ತೆಗೆ ಪುರುಸೊತ್ತಿಲ್ಲ. ಒಂದನೇ ತಾರೀಖು ಬಂದರೆ ರೇಷನ್ ಅಂಗಡಿಯ ಸಾಲಿನಲ್ಲಿ ಅವರೇ ಮೊದಲಿಗರು. ಗುರುಸಿದ್ದಮ್ಮನವರು ಎರಡನೆಯವರು.