ಹೆಪ್ಪು ಹಾಕಿದ ದೋಣಿ

"ನೋಡ ಮಹಾನಂದಾ, ಕಣ್ಣ ತುಂಬ ನೋಡ! ಇಂಥಾ ಗಾಳಿದೋಣಿ ಜಗತ್ತಿನ್ಯಾಗ ಎಲ್ಲೂ ಇಲ್ಲ!"

ಮಹಾನಂದಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದು ನೋಡಿದಳು. ಹಂಡೆಯ ನೀರಿನಲ್ಲಿ ಉಪ್ಪಿಟ್ಟಿನ ತಟ್ಟೆಯಷ್ಟಗಲದ ಬೆಳ್ಳನೆಯ ವಸ್ತುವೊಂದು ಉಬ್ಬಿಕೊಂಡು ತೇಲುತ್ತಿತ್ತು. ಪಕ್ಕದಲ್ಲಿ ಅವಳ ಗಂಡ ಗುರುಪಾದಪ್ಪ ಅದಕ್ಕಿಂತ ಹೆಚ್ಚು ಉಬ್ಬಿಕೊಂಡು ನಿಂತಿದ್ದ.

"ಇದರಾಗ ಯಾರ ಕುಂಡ್ರೂದ್ರಿ? ಗಣಪ್ಪನ ಇಲಿ ಸೈತ ಹತ್ತೂಕಿಂತ ಮೊದಲ ವಿಚಾರ ಮಾಡತೈತಿ!"

"ಏ, ಇದಿನ್ನೂ ಕೂಸು. ಬೆಳೀತೈತಿ!"

"ದೋಣಿ ಬೆಳೀತೈತಿ?"

"ಮತ್ತ? ಇದನ್ನ ನಾ ಹೊಲದಿಲ್ಲ, ಅಂಟಿಸಿಲ್ಲ. ಹೆಪ್ಪ ಹಾಕೇನಿ!"

ಗುರುಪಾದಪ್ಪನದು ತಾಡಪತ್ರಿ ಮತ್ತು ರೇನ್‌ಕೋಟು ಹೊಲಿಯುವ ಸಣ್ಣ ಕಾರ್ಖಾನೆ. ಅದು ಹೊಟ್ಟೆಪಾಡಿಗೆ. ಜೀವ ಇದ್ದದ್ದು ಮಾತ್ರ ಗಾಳಿ ತುಂಬುವ ದೋಣಿಗಳಲ್ಲಿ. ಮದುವೆಯಾದ ಹೊಸದರಲ್ಲಿ ಮಾಡಿದ ದೋಣಿ ನಡುಹೊಳೆಯಲ್ಲಿ ಅಂಟು ಬಿಚ್ಚಿ ಎರಡು ಪಾಲಾಯಿತು. ಒಂದು ಪಾಲನ್ನು ತಬ್ಬಿಕೊಂಡು ಇವನು ದಡ ಸೇರಿದ, ಇನ್ನೊಂದು ಪಾಲು ಕೃಷ್ಣೆಯನ್ನು ಸೇರಿತು. ಆಮೇಲಿನದು ಒಂದೇ ಮಗ್ಗುಲು ಉಬ್ಬಿ ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತು ಹೊಡೆಯಿತು. ಕಳೆದ ವರ್ಷದ್ದು ಸೋರುವಾಗ ಎಂಥ ಶಿಳ್ಳೆ ಹಾಕಿತೆಂದರೆ, ಹೊಳೆದಂಡೆಯ ಎಮ್ಮೆಗಳೆಲ್ಲ ಬಾಲ ಎತ್ತಿಕೊಂಡು ಊರು ಸೇರಿದವು.

ಈ ಹಟಕ್ಕೊಂದು ಕಾರಣವಿತ್ತು. ಮಹಾನಂದಾಳ ತವರು ದೂಧಗಂಗಾ ಹೊಳೆಯ ಆಚೆ ದಂಡೆಯಲ್ಲೇ ಇತ್ತು. ಇಲ್ಲಿಂದ ಕೂಗಿದರೆ ಅಲ್ಲಿಗೆ ಕೇಳುವಷ್ಟು ಹತ್ತಿರ. ಆದರೆ ಪಂಚಮಿ ಬರುವುದು ಶ್ರಾವಣದಲ್ಲಿ. ಅಷ್ಟೊತ್ತಿಗೆ ಹೊಳೆ ತುಂಬಿ ನಡುವಿನ ತಗ್ಗು ಸೇತುವೆ ನೀರಿನಡಿ ಹೋಗಿರುತ್ತಿತ್ತು, ದೊಡ್ಡ ಸೇತುವೆಗೆ ಹೋಗುವ ರಸ್ತೆಯೂ ಹಳ್ಳದಲ್ಲಿ ಮುಳುಗಿರುತ್ತಿತ್ತು. ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ ಜೋಕಾಲಿ ಜೀಕುವ ಹಬ್ಬದಲ್ಲಿ ಮಹಾನಂದಾ ಈ ದಂಡೆಯಲ್ಲಿ, ಅವ್ವ ಚೆನ್ನವ್ವ ಆ ದಂಡೆಯಲ್ಲಿ ನಿಂತು ಸೆರಗು ಬೀಸುವುದಷ್ಟೇ ಭಾಗ್ಯ. ಗುರುಪಾದಪ್ಪ ಹೊಸ ಅಳಿಯನಾಗಿದ್ದಾಗ ಅತ್ತೆ ಕೊಟ್ಟ ಶೇಂಗಾ ಉಂಡಿ ಮೆಲ್ಲುತ್ತ, "ಮುಂದಿನ ಪಂಚಮಿಗೆ ನಿಮ್ಮ ಮಗಳನ್ನ ನನ್ನ ದೋಣಿಯಾಗ ಕರಕೊಂಡ ಬರತೀನ್ರಿ" ಎಂದುಬಿಟ್ಟಿದ್ದ. ಉಂಡಿ ಅಂದೇ ಕರಗಿತು. ಮಾತು ಇನ್ನೂ ಕರಗಿರಲಿಲ್ಲ.

ಗಂಡನನ್ನು ಹಂಗಿಸಲು ಮಹಾನಂದಾಳಿಗೆ ಕಾರಣಗಳ ಬರವಿರಲಿಲ್ಲ. ಆದರೆ ಈ ಮಾತನ್ನು ಮಾತ್ರ ಅವಳು ಎಂದೂ ಎತ್ತಿ ಆಡಿರಲಿಲ್ಲ. ಯಾಕೆಂದರೆ ಅದು ಅವಳಿಗೆ ನಿಜವಾಗಿ ನೋಯುತ್ತಿತ್ತು. ಅದರ ಮೇಲೆ ಈ ವರ್ಷ ಅವ್ವ ಫೋನಿನಲ್ಲಿ ಖಡಾಖಂಡಿತ ಹೇಳಿದ್ದಳು: "ಬೇವಿನ ಗಿಡಕ್ಕ ಜೋಕಾಲಿ ಕಟ್ಟಿಸೇನಿ. ಈ ಸಲಾನೂ ನೀ ಬರದಿದ್ರ ಬಿಚ್ಚಸತೀನಿ. ಇನ್ನ ಕಟ್ಟಸೂದಿಲ್ಲ. ಬರೇ ಜೋಕಾಲಿ ನೋಡಕೋತ ಎಷ್ಟಂತ ಕುಂಡ್ರಲಿ?"

"ಯಾರ ಹೆಪ್ಪರಿ ಹಾಕಿದ್ದು?" ಮಹಾನಂದಾಳಿಗೆ ಒಮ್ಮೆಲೇ ಅನುಮಾನ ಬಂತು.

"ನಿಂದ! ಊರಾಗ ಅಷ್ಟ ಖಡಕ್ ಹೆಪ್ಪ ಮತ್ತ ಎಲ್ಲೈತಿ?"

"ನಮ್ಮವ್ವನ ಹೆಪ್ಪಿಗೆ ಕೈ ಹಚ್ಚೀರೇನ್ರಿ!"

ಮದುವೆಯಾಗಿ ಬರುವಾಗ ತವರಿನಿಂದ ಸಣ್ಣ ಡಬ್ಬಿಯಲ್ಲಿ ತಂದ ಹೆಪ್ಪು ಅದು. ಅಂದಿನಿಂದ ಇಂದಿನವರೆಗೆ ಅವಳ ಮನೆಯಲ್ಲಿ ಮೊಸರು ಒಂದು ದಿನ ತಪ್ಪಿರಲಿಲ್ಲ. ಓಣಿಯವರೆಲ್ಲ ಸಂಜೆಯಾದರೆ ಬಟ್ಟಲು ಹಿಡಿದು ಬರುತ್ತಿದ್ದರು.

"ಒಂದ ಚಮಚ ತಗೊಂಡೇನಿ ಮಾರಾಯ್ತಿ! ಅದರಾಗಿನ ಜೀವಾಣುಗೋಳಿಗೆ ಎರಡ ವಿದ್ಯಾ ಕಲಿಸೇನಿ. ನೂಲಿನಂಗ ನೇಯೂದು, ನೇಯ್ದದ್ದರೊಳಗ ಗಾಳಿ ತುಂಬೂದು. ರಬ್ಬರ್ ಹಾಲಿಗೆ ಬಿಟ್ರ ತಾವ ದೋಣಿ ಕಟ್ಟತಾವ. ಜೋಡ ಇಲ್ಲ, ಅಂಟ ಇಲ್ಲ, ಪಂಪ್ ಹೊಡಿಯೂ ಕೆಲಸ ಇಲ್ಲ! ದ್ವಾಸಿಯೊಳಗ ತೂತ ಇರತಾವಲ್ಲ, ಹಂಗ ಒಳಗ ಸಾವಿರ ಗಾಳಿಗೂಡ. ಹತ್ತ ಒಡದ್ರೂ ಉಳದಾವ ತೇಲಸತಾವ. ಪಾತ್ರಿ ಹೆಂಗೈತಿ, ದೋಣಿ ಹಂಗ!"

"ಇಬ್ಬರು ಕುಂಡ್ರೂವಷ್ಟ ಯಾವಾಗ ಆಗತೈತಿ?"

ಗುರುಪಾದಪ್ಪ ತಲೆ ಕೆರೆದುಕೊಂಡ. "ಇದ ಚಾಲಿನ್ಯಾಗ ಬೆಳದ್ರ... ದೀಪಾವಳಿಗೆ."

"ಪಂಚಮಿ ಬರೂ ವಾರ ಐತ್ರಿ!"

ಉಬ್ಬಿದ್ದವನು ಸೂಜಿ ಚುಚ್ಚಿದಂತೆ ಇಳಿದುಹೋದ. ಮಹಾನಂದಾಳಿಗೆ ಪಾಪ ಅನ್ನಿಸಿತು. ಬೈಯಲೆಂದು ತೆರೆದ ಬಾಯಿಯಿಂದ "ಚಾ ಕುಡೀತೀರೇನು?" ಎಂದು ಕೇಳಿದಳು.

ಪಂಚಮಿಗೆ ಎರಡು ದಿನ ಮೊದಲು ಬರುವ ರೊಟ್ಟಿ ಹಬ್ಬದ ಹಿಂದಿನ ಸಂಜೆ ಮಹಾನಂದಾಳ ಎರಡೂ ಕೈ ಎಳ್ಳುಂಡಿಯ ಬೆಲ್ಲದ ಪಾಕದಲ್ಲಿದ್ದವು. ತವರಿಗೆ ಹೋಗುತ್ತೇನೋ ಇಲ್ಲವೋ, ಉಂಡಿ ಕಟ್ಟುವುದನ್ನು ಮಾತ್ರ ಅವಳು ಯಾವ ವರ್ಷವೂ ಬಿಟ್ಟಿರಲಿಲ್ಲ. ಆಗ ಪಕ್ಕದ ಮನೆಯ ಶಕುಂತಲಾಬಾಯಿ ಬಟ್ಟಲು ಹಿಡಿದು ಬಂದಳು.

"ಮಹಾನಂದಕ್ಕಾ, ಒಂದಿಷ್ಟ ಹೆಪ್ಪ ಕೊಡವಾ. ನಾಳಿ ಎಲ್ಲಾರ ಮನ್ಯಾಗೂ ಬುತ್ತಿ ಮೊಸರ ಆಗಬೇಕು."

"ಕೈ ಪಾಕದಾಗ ಅದಾವ್ರಿ. ಫ್ರಿಜ್ಜಿನ್ಯಾಗ ಸ್ಟೀಲಿನ ಡಬ್ಬಿ ಐತಿ ನೋಡ್ರಿ, ಬೇಕಾದಷ್ಟ ತಗೋರಿ."

ಫ್ರಿಜ್ಜಿನಲ್ಲಿ ಸ್ಟೀಲಿನ ಡಬ್ಬಿ ಎರಡಿದ್ದವು. ತಾಯಿ ಮಗಳು ಒಂದೇ ಕಡೆ ಇರಲಿ ಎಂದು ಗುರುಪಾದಪ್ಪ ತನ್ನ ಹೆಪ್ಪನ್ನೂ ಅಲ್ಲೇ ಇಟ್ಟಿದ್ದ! ಶಕುಂತಲಾಬಾಯಿಯ ಕೈಗೆ ಮುಂದಿದ್ದ ಅವನದೇ ಸಿಕ್ಕಿತು. ಅವಳು ಅದನ್ನು ಎದುರು ಮನೆಗೆ ಒಂದು ಚಮಚ ಕೊಟ್ಟಳು, ಎದುರು ಮನೆಯವರು ಹಿಂದಿನ ಮನೆಗೆ ಕೊಟ್ಟರು. ಕೇಳಿದವರಿಗೆ ಹೆಪ್ಪು ಇಲ್ಲ ಎನ್ನಬಾರದಲ್ಲ. ದೀಪ ಹಚ್ಚುವ ಹೊತ್ತಿಗೆ ಇಡೀ ಓಣಿಯ ಎಮ್ಮೆ ಹಾಲಿಗೆ ಅದೇ ಹೆಪ್ಪು ಬಿದ್ದಿತ್ತು.

ಬೆಳಿಗ್ಗೆ ಮೊದಲು ಕೇಳಿಸಿದ್ದು ಶಕುಂತಲಾಬಾಯಿಯ ಕೂಗು.

"ಯವ್ವಾ, ಅಡಿಗಿಮನಿ ಬಾಗಲಾ ತೆರಿವಲ್ದು! ಒಳಗ ಯಾರೋ ನಿಂತಾರ!"

ಒಳಗೆ ನಿಂತದ್ದು ಮೊಸರು! ಬೋಗುಣಿಯಿಂದ ಎದ್ದು, ಮುಚ್ಚಳವನ್ನು ಟೋಪಿಯ ಹಾಗೆ ತಲೆಯ ಮೇಲಿಟ್ಟುಕೊಂಡು, ಜಂತಿಗೆ ತಾಗಿ ನಿಂತಿತ್ತು. ಎದುರು ಮನೆಯಲ್ಲಿ ಕೊಡದಾಕಾರದ ಮೊಸರು ಕಿಟಕಿಯಿಂದ ಅರ್ಧ ಹೊರಗೆ ಬಂದು ರಸ್ತೆ ನೋಡುತ್ತಿತ್ತು. ಇನ್ನೊಬ್ಬರ ಮನೆಯ ಮೊಸರಿಗೆ ಕಡೆಗೋಲು ಹಾಕಿದರೆ ಕಡೆಗೋಲೇ ಪುಟಿದು ಅಟ್ಟ ಸೇರಿತ್ತು. ಸ್ವಲ್ಪ ಹೊತ್ತಿನಲ್ಲೇ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಮೊಸರನ್ನು ತಬ್ಬಿಕೊಂಡು, ಉರುಳಿಸಿಕೊಂಡು, ತಲೆಯ ಮೇಲೆ ಹೊತ್ತುಕೊಂಡು ಗುರುಪಾದಪ್ಪನ ಅಂಗಳಕ್ಕೆ ಬಂದರು.

"ಮೊಸರಿಲ್ದ ರೊಟ್ಟಿ ಹಬ್ಬ ಹೆಂಗ ಮಾಡೂದ್ರಿ ಅಣ್ಣಾರ?" ಶಕುಂತಲಾಬಾಯಿ ಸೊಂಟಕ್ಕೆ ಸೆರಗು ಸಿಗಿಸಿದಳು. "ಎಣಗಾಯಿ ಪಲ್ಯ ಈ ಗಾದಿಗೆ ಹಚಗೊಂಡ ತಿನ್ನೂದೇನು?"

ಗುರುಪಾದಪ್ಪನಿಗೆ ಇದೊಂದೂ ಕೇಳಿಸಿದಂತಿರಲಿಲ್ಲ. ಒಂದೊಂದನ್ನೂ ತಟ್ಟಿದ, ಮೂಸಿದ, ಕೊಡದಾಕಾರದ್ದರ ಮೇಲೆ ಕೂತು ಪುಟಿದ. ಕಣ್ಣಲ್ಲಿ ನೀರು ಬಂತು.

"ಎಮ್ಮೀ ಹಾಲು, ಮಹಾನಂದಾ! ನಾ ಹುಚ್ಚರಂಗ ರಬ್ಬರ್ ಹಾಲ ಕುಡಿಸಾಕತ್ತಿದ್ದೆ. ಮೊಸರಿನ ಮನೆತನದ್ದಕ್ಕ ರಬ್ಬರ್ ಹೆಂಗ ರುಚಿ ಹತ್ತೀತು? ಎಮ್ಮೀ ಹಾಲಿಗೆ ಒಂದ ರಾತ್ರಿ ಸಾಕು!"

"ಮೊದಲ ನಮ್ಮ ಮೊಸರ ಕೊಡ್ರಿ!" ಎಂದು ಹೆಂಗಸರು ಒಕ್ಕೊರಲಿನಿಂದ ಕೂಗಿದರು.

ಮಹಾನಂದಾ ಒಮ್ಮೆ ಓಣಿಯವರ ಮುಖ ನೋಡಿದಳು, ಒಮ್ಮೆ ಗಂಡನ ಮುಖ ನೋಡಿದಳು. ತನ್ನ ಮನೆಯ ಒಳ್ಳೆಯ ಮೊಸರನ್ನು ಗಡಿಗೆ ಸಮೇತ ತಂದು ಮನೆಗೊಂದು ಬಟ್ಟಲಿನಂತೆ ಎಲ್ಲರಿಗೂ ಹಂಚಿದಳು. ಆಮೇಲೆ ಹಬ್ಬಕ್ಕೆಂದು ತರಿಸಿದ್ದ ಹಾಲಿನ ಕ್ಯಾನನ್ನು ಎತ್ತಿ, ತಾಡಪತ್ರಿ ತೊಳೆಯುವ ಉದ್ದನೆಯ ತೊಟ್ಟಿಗೆ ಸುರಿದಳು.

"ಏ, ಪ್ರಮಾಣ! ಪ್ರಮಾಣ ನಾ ಹೇಳತೀನಿ..." ಎಂದು ಗುರುಪಾದಪ್ಪ ಓಡಿ ಬಂದ.

"ಹೆಪ್ಪ ಹಾಕೂದು ನನ್ನ ಕೆಲಸ. ಆ ಕಡೆ ಸರೀರಿ!"

ಮರುದಿನ ನಾಗರ ಚೌತಿಯ ಬೆಳಿಗ್ಗೆ ದೋಣಿ ತೊಟ್ಟಿ ಬಿಟ್ಟು ಎದ್ದು ಹಿತ್ತಲಿನ ಗೋಡೆಯ ಮೇಲೆ ಗಲ್ಲ ಊರಿತ್ತು. ಅದನ್ನು ಟ್ರ್ಯಾಕ್ಟರಿಗೆ ಹೇರಿ ಹೊಳೆಗೆ ಒಯ್ಯುವಾಗ ಓಣಿಯೇ ಹಿಂದೆ ಹೊರಟಿತು. ಹೆಂಗಸರೂ ತಮ್ಮ ಮೊಸರುಗಳನ್ನು ತಂದಿದ್ದರು. "ಕಾಟ ತಪ್ಪಲಿ, ಗಂಗವ್ವನ ಪಾಲಾಗಲಿ" ಎಂದು ಮುಳುಗಿದ ಸೇತುವೆಗಿಂತ ಸ್ವಲ್ಪ ಮೇಲಿನ ದಂಡೆಯಲ್ಲಿ ನಿಂತು ಒಂದೊಂದಾಗಿ ಹೊಳೆಗೆ ಎಸೆಯತೊಡಗಿದರು. ಅವರಲ್ಲಿ ಬಹಳ ಮಂದಿಯ ತವರೂ ಆಚೆ ದಂಡೆಯಲ್ಲೇ ಇತ್ತು. ಎಸೆಯುವಾಗಲೂ ಅವರ ಕಣ್ಣು ಆ ಕಡೆಗೇ ಇತ್ತು.

ಮಹಾನಂದಾ ಉಂಡಿಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ತವರಿನ ನಾಗಪ್ಪನಿಗೆ ಎರೆಯುವ ಹಾಲಿನ ತಂಬಿಗೆಯನ್ನು ಕೈಯಲ್ಲಿ ಹಿಡಿದು ದೋಣಿಯಲ್ಲಿ ಕೂತಳು. ಆಚೆ ದಂಡೆಯಲ್ಲಿ ಅವ್ವನ ಹಸಿರು ಸೀರೆ ಕಾಣಿಸಿತು. ಪಕ್ಕದಲ್ಲಿ ಅಣ್ಣ ಶಿವಬಸಪ್ಪ ಹಗ್ಗ ಹಿಡಿದು ನಿಂತಿದ್ದ.

ದೋಣಿ ತೇಲಿತು! ಸೋರಲಿಲ್ಲ, ಸುತ್ತು ಹೊಡೆಯಲಿಲ್ಲ, ಶಿಳ್ಳೆ ಹಾಕಲಿಲ್ಲ. ಗುರುಪಾದಪ್ಪ ಹುಟ್ಟು ಹಾಕುತ್ತ, "ಜೋಡ ಎಲ್ಲೈತಿ ಹುಡುಕ ನೋಡೂನು! ಹುಡುಕ!" ಎಂದು ಕೂಗುತ್ತಲೇ ಇದ್ದ.

"ಮುಂದ ನೋಡಿ ಹುಟ್ಟ ಹಾಕ್ರಿ! ಕಂಬ ಐತಿ!"

"ಕಂಬಾ ನನಗ ಕಾಣತೈತಿ!"

ಕಂಡದ್ದು ನಿಜವೇ ಇರಬೇಕು, ಯಾಕೆಂದರೆ ದೋಣಿ ನೆಟ್ಟಗೆ ಅದಕ್ಕೇ ಹೋಗಿ ಗುದ್ದಿತು. ಮುಳುಗಿದ ಸೇತುವೆಯ ಗುರುತಿಗೆ ನಿಲ್ಲಿಸಿದ ಕಂಬ ಅದು. ತಂಬಿಗೆ ಉರುಳಿತು. ಹಾಲು ದೋಣಿಯ ತಳದಲ್ಲಿ ಹರಿಯುವಷ್ಟರಲ್ಲಿ ಗಟಗಟ ಸದ್ದು ಕೇಳಿತು.

"ರೀ... ದೋಣಿ ಹಾಲ ಕುಡೀತು!"

"ಕುಡೀಲಿ ಬಿಡ, ಬೆಳಿಯೂ ಕೂಸು..." ಎನ್ನುತ್ತಿದ್ದ ಗುರುಪಾದಪ್ಪ ಮಾತನ್ನು ಅರ್ಧಕ್ಕೇ ನಿಲ್ಲಿಸಿದ. ಅವನು ಮೇಲೇರುತ್ತಿದ್ದ. ಮಹಾನಂದಾಳೂ ಏರುತ್ತಿದ್ದಳು. ಎಮ್ಮೆ ಹಾಲು ಹೊಟ್ಟೆಗೆ ಬಿದ್ದ ದೋಣಿ ಅಗಲವಾಯಿತು, ಉದ್ದವಾಯಿತು, ಕಂಬಗಳ ಸಾಲಿಗೆ ಒರಗಿಕೊಂಡು ಎರಡೂ ಕಡೆ ಚಾಚತೊಡಗಿತು.

"ನಿಲ್ಲಸ್ರಿ ಇದನ್ನ!"

"ನಿಲ್ಲಸೂ ವಿದ್ಯಾ ಇನ್ನೂ ಕಲಿಸಿಲ್ಲ!"

ಅಷ್ಟರಲ್ಲಿ ಮೇಲಿನಿಂದ ಓಣಿಯ ಮೊಸರುಗಳು ತೇಲಿ ಬಂದವು. ಬೋಗುಣಿಯಾಕಾರದ್ದು, ಕೊಡದಾಕಾರದ್ದು, ತಪ್ಪಲೆಯಾಕಾರದ್ದು ಎಲ್ಲ ಒಂದೇ ಹೆಪ್ಪಿನ ಮಕ್ಕಳಲ್ಲವೇ? ದೋಣಿಗೆ ತಾಗಿದ್ದೇ ತಡ, ಸಂತೆಯಲ್ಲಿ ಸಿಕ್ಕ ಅಕ್ಕತಂಗಿಯರಂತೆ ಅಂಟಿಕೊಂಡವು. ಎಲ್ಲಿ ಕೂಡಿದವೆಂಬ ಗುರುತೂ ಉಳಿಯಲಿಲ್ಲ. ನೋಡನೋಡುತ್ತ ದೋಣಿಯ ಒಂದು ತುದಿ ಶಕುಂತಲಾಬಾಯಿಯ ಕಾಲಬುಡಕ್ಕೆ ಬಂತು. ಇನ್ನೊಂದು ತುದಿ ಶಿವಬಸಪ್ಪನನ್ನು ಹಗ್ಗ ಸಮೇತ ಹಿಂದಕ್ಕೆ ತಳ್ಳಿಕೊಂಡು ಹೋಗಿ, ಜೋಕಾಲಿ ಕಟ್ಟಿದ ಬೇವಿನ ಗಿಡಕ್ಕೆ ಒರಗಿ, ಒಂದು ತೇಗು ಬಿಟ್ಟು ನಿಂತಿತು.

ಮಹಾನಂದಾ ಮೆಲ್ಲನೆ ಎದ್ದು ಒಂದು ಹೆಜ್ಜೆ ಇಟ್ಟಳು. ಪಾದ ಹತ್ತಿಯ ಗಾದಿಯಲ್ಲಿಳಿದಂತೆ ಇಳಿದು ಮೇಲೆ ಪುಟಿಯಿತು. ಇನ್ನೊಂದು ಹೆಜ್ಜೆ ಇಟ್ಟಳು. ಆಮೇಲೆ ಉಂಡಿಯ ಬುಟ್ಟಿಯನ್ನು ಎದೆಗವುಚಿಕೊಂಡು, ಪುಟಿಯುತ್ತ ಪುಟಿಯುತ್ತ ಓಡಿಯೇ ಬಿಟ್ಟಳು! ಅವ್ವನ ಹಸಿರು ಸೀರೆಗೆ ಹೋಗಿ ಡಿಕ್ಕಿ ಹೊಡೆದಾಗಲೇ ನಿಂತದ್ದು. ಇಬ್ಬರೂ ಅತ್ತರು, ಇಬ್ಬರೂ ನಕ್ಕರು. ಯಾವುದು ಮೊದಲು ಎಂದು ಹೇಳುವುದು ಕಷ್ಟ.

"ಅಣ್ಣಾರ, ನಾವೂ ದಾಟಬಹುದೇನ್ರಿ?" ಶಕುಂತಲಾಬಾಯಿ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಅವಳ ಹಿಂದೆ ಇಡೀ ಓಣಿಯೇ ಚಪ್ಪಲಿ ಕೈಯಲ್ಲಿ ಹಿಡಿದು ತವರಿಗೆ ಹೊರಟಿತು.

"ನಡೀಬ್ಯಾಡ್ರಿ! ಇದು ಸೇತುವಿ ಅಲ್ಲ, ದೋಣಿ! ಕುಂತ ಹೋಗಬೇಕ್ರಿ!" ಗುರುಪಾದಪ್ಪ ನಡುಹೊಳೆಯಲ್ಲಿ ಇನ್ನೂ ಹುಟ್ಟು ಹಾಕುತ್ತಲೇ ಕೂಗಿದ. ಹೆಂಗಸರು ಅವನನ್ನು ಬಳಸಿಕೊಂಡು ಮುಂದೆ ಹೋದರು. ಒಬ್ಬಳು ಮಾತ್ರ ನಿಂತು, ಹಬ್ಬಕ್ಕೆ ಇವನನ್ನೂ ಕರೆದಳು.

ಮಧ್ಯಾಹ್ನ, ಶಿವಬಸಪ್ಪ ಕರೆದುಕೊಟ್ಟ ಬೇರೆ ಹಾಲನ್ನು ನಾಗಪ್ಪನಿಗೆ ಎರೆದು ಬಂದಮೇಲೆ, ಮಹಾನಂದಾ ಜೋಕಾಲಿ ಹತ್ತಿದಳು. ಎತ್ತರಕ್ಕೆ ಜೀಕಿದಾಗ ಹೊಳೆ ಕಾಣುತ್ತಿತ್ತು, ಅದರ ಮೇಲೆ ಮಲಗಿದ ಬೆಳ್ಳನೆಯ ದೋಣಿ ಕಾಣುತ್ತಿತ್ತು, ಗಿಡದ ಬುಡದಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತ ಗಂಡ ಕಾಣುತ್ತಿದ್ದ. ಅವಳು ಕಾಲೂರಿ ಜೋಕಾಲಿ ನಿಲ್ಲಿಸಿದಳು.

"ಏನಾತ್ರಿ?"

"ದೋಣಿಯಾಗ ಕರಕೊಂಡ ಬರತೀನಿ ಅಂದಿದ್ದೆ. ನೀ ನಡಕೊಂಡ ಬಂದಿ."

"ನಡಿಯಾಕ ಹಾಸಿದವರ ಯಾರ್ರಿ?" ಎಂದು ಮಹಾನಂದಾ ಅವ್ವ ಕಟ್ಟಿದ ಶೇಂಗಾ ಉಂಡಿಯೊಂದನ್ನು ಅವನ ಅಂಗೈಯಲ್ಲಿಟ್ಟಳು. "ಬಂದೆನಲ್ಲ, ಸಾಕು. ತಿನ್ರಿ."

ಗುರುಪಾದಪ್ಪ ಉಂಡಿ ಕಚ್ಚಿದ. ಮೆಲ್ಲಮೆಲ್ಲಗೆ ಮತ್ತೆ ಉಬ್ಬತೊಡಗಿದ. ಮುಂದಿನ ಪಂಚಮಿಗೆ ಏನು ಮಾಡುತ್ತೇನೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಇಷ್ಟು ಹೊತ್ತು ಗಿಡಕ್ಕೊರಗಿದ ದೋಣಿಯ ತುದಿಯನ್ನು ದಿಟ್ಟಿಸುತ್ತಿದ್ದ ಚೆನ್ನವ್ವ ಅದರಿಂದ ಒಂದು ಚೂರು ಚಿವುಟಿ ನಾಲಗೆಯ ಮೇಲಿಟ್ಟುಕೊಂಡಳು. ಕಣ್ಣು ಮುಚ್ಚಿ ರುಚಿ ನೋಡಿದಳು.

"ಹೆಪ್ಪ ನಮ್ಮ ಮನೀದ ಐತಿ," ಎಂದಳು. "ಹುಳಿ ಅಷ್ಟ ಅಳಿಯಂದು."